ರಿಜಿಸ್ಟರಿನ ದಿನಾಂಕವೂ ಎಂಜಿನ್ನಿನ ಗಂಟೆ ಮೀಟರೂ: ಅಣು ಸ್ಥಾವರದಲ್ಲಿ ತಪ್ಪು ಸಿಕ್ಕ ಮೇಲೆ ಸರಿಪಡಿಸುವುದೆಂದರೆ ಏನು?

ಓದುಗರ ಪ್ರಶ್ನೆ

ನಾವು ಬೆಂಗಳೂರಿನ ವಿಜಯನಗರದವರು. ನಮ್ಮ ಮಗ ಮೆಕ್ಯಾನಿಕಲ್ ಎಂಜಿನಿಯರ್. ಅಣು ವಿದ್ಯುತ್ ಸ್ಥಾವರವೊಂದರಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ಅಲ್ಲಿ ತುರ್ತು ಡೀಸೆಲ್ ಜನರೇಟರನ್ನು ತಿಂಗಳಿಗೊಮ್ಮೆ ಓಡಿಸಿ ಪರೀಕ್ಷಿಸಬೇಕಂತೆ. ಒಂದು ತಿಂಗಳು ಆ ಪರೀಕ್ಷೆ ಗಡುವು ದಾಟಿ ಎರಡು ದಿನ ತಡವಾಯಿತು. ರಿಜಿಸ್ಟರಿನಲ್ಲಿ ಮಾತ್ರ ಗಡುವಿನೊಳಗೇ ಮುಗಿದಂತೆ ಹಿಂದಿನ ದಿನಾಂಕ ಬರೆದಿದ್ದಾರೆ. ಹಿರಿಯರು ಹೇಳಿದರೆಂದು ನನ್ನ ಮಗನೂ ಸಹಿ ಹಾಕಿದ್ದಾನೆ. ತಪಾಸಣೆಯಲ್ಲಿ ಅದು ಸಿಕ್ಕಿಬಿತ್ತು. ಈಗ ಅವನಿಗೂ ಇನ್ನಿಬ್ಬರಿಗೂ ವಿವರಣೆ ಕೇಳಿ ಮೆಮೊ ಬಂದಿದೆ. ‘ಸರಿಪಡಿಸುವ ಕ್ರಮ’ ಎಂದು ಎಲ್ಲರಿಗೂ ಒಂದು ದಿನದ ತರಬೇತಿ ಕೊಟ್ಟು, ಸುತ್ತೋಲೆ ಹೊರಡಿಸಿದ್ದಾರಂತೆ. ಆ ದಿನ ಪಾಳಿಯಲ್ಲಿ ಜನ ಕಡಿಮೆ ಇದ್ದರು, ಪಕ್ಕದ ಪಂಪಿನ ದುರಸ್ತಿ ನಡೆದಿದ್ದರಿಂದ ಪರೀಕ್ಷೆ ನಡೆಸಲು ಪರ್ಮಿಟ್ ಸಿಗಲಿಲ್ಲ ಎಂದು ಮಗ ಹೇಳುತ್ತಾನೆ. ನಮ್ಮ ನೆಂಟರಲ್ಲಿ ಕೆಲವರು ‘ಅಲ್ಲಿ ಎಲ್ಲವನ್ನೂ ಮುಚ್ಚಿಹಾಕುತ್ತಾರೆ, ಯಾವತ್ತೋ ದೊಡ್ಡದಾಗುತ್ತದೆ, ಬೆಂಗಳೂರಿಗೆ ಬಂದು ಬೇರೆ ಕೆಲಸ ನೋಡಿಕೊಳ್ಳಲಿ’ ಎನ್ನುತ್ತಾರೆ. ಆ ಎರಡು ದಿನ ನಿಜವಾಗಿ ಅಪಾಯವಿತ್ತೇ? ಹಾಗಿದ್ದರೆ ಸ್ಥಾವರವನ್ನೇಕೆ ನಿಲ್ಲಿಸಲಿಲ್ಲ? ಸರಿಪಡಿಸಿದ್ದಾರೆ ಎಂದು ನಂಬುವುದು ಹೇಗೆ? ಮಗ ಏನು ಮಾಡಬೇಕು?

*(ಓದುಗರ ಕೋರಿಕೆಯಂತೆ ಅವರ ಹೆಸರನ್ನೂ ಸ್ಥಾವರದ ಹೆಸರನ್ನೂ ಬಿಟ್ಟಿದ್ದೇವೆ.)*

ತಜ್ಞರ ಉತ್ತರ

ನಿಮ್ಮ ಪತ್ರದಲ್ಲಿ ಎರಡು ಭಯಗಳು ಬೆರೆತಿವೆ. ಸ್ಥಾವರ ಸುರಕ್ಷಿತವಾಗಿದೆಯೇ ಎಂಬುದು ಒಂದು. ಮಗನ ಗತಿಯೇನು ಎಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಯಾವುದಕ್ಕೂ ನೆಟ್ಟಗೆ ಉತ್ತರ ಸಿಗುವುದಿಲ್ಲ. ಇಂಥ ಸ್ಥಾವರಗಳ ಸುರಕ್ಷತಾ ಪರಿಶೀಲನೆಯಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ, ಮೊದಲು ಯಂತ್ರದ ವಿಷಯ ಹೇಳಿ ಆಮೇಲೆ ಮನುಷ್ಯರ ವಿಷಯಕ್ಕೆ ಬರುತ್ತೇನೆ.

ರಿಯಾಕ್ಟರನ್ನು ನಿಲ್ಲಿಸಿದ ಮಾತ್ರಕ್ಕೆ ಅದರ ಶಾಖ ನಿಲ್ಲುವುದಿಲ್ಲ. ಇಂಧನದೊಳಗೆ ಹುಟ್ಟಿಕೊಂಡ ವಿಕಿರಣಶೀಲ ವಸ್ತುಗಳು ಶಾಖ ಬಿಡುತ್ತಲೇ ಇರುತ್ತವೆ. ನಿಂತ ಕ್ಷಣದಲ್ಲಿ ಈ ಉಳಿಕೆ ಶಾಖ ಪೂರ್ಣ ಶಾಖದ ಶೇ 6ರಿಂದ 7ರಷ್ಟಿರುತ್ತದೆ. ಒಂದು ಗಂಟೆಯಾದ ಮೇಲೆ ಶೇ 1.5ರ ಆಸುಪಾಸಿಗೆ, ಒಂದು ದಿನ ಕಳೆದ ಮೇಲೆ ಶೇ 0.5ರ ಆಸುಪಾಸಿಗೆ ಇಳಿಯುತ್ತದೆ. ಕೈಗಾದಲ್ಲಿರುವಂಥ 220 ಮೆಗಾವಾಟ್ ವಿದ್ಯುತ್ತಿನ ಘಟಕ ಸುಮಾರು 750 ಮೆಗಾವಾಟ್ ಶಾಖ ಉತ್ಪಾದಿಸುತ್ತದೆ. ಅಂದರೆ ನಿಲ್ಲಿಸಿದ ಕೂಡಲೇ ಇನ್ನೂ 45–50 ಮೆಗಾವಾಟ್ ಶಾಖವನ್ನು ಹೊರಗೆ ಸಾಗಿಸಬೇಕು. ಅದಕ್ಕೆ ಪಂಪು ಬೇಕು, ಪಂಪಿಗೆ ವಿದ್ಯುತ್ ಬೇಕು. ಹೊರಗಿನ ಗ್ರಿಡ್ ಕೈಕೊಟ್ಟರೆ ಆ ವಿದ್ಯುತ್ ಕೊಡುವುದು ನಿಮ್ಮ ಮಗ ಪರೀಕ್ಷೆ ಮಾಡಬೇಕಿದ್ದ ಡೀಸೆಲ್ ಜನರೇಟರ್. ನಿಮ್ಮ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಇರುವಾಗಲೂ ಜನರೇಟರನ್ನು ಆಗಾಗ ಓಡಿಸಿ ನೋಡುತ್ತಾರಲ್ಲ, ಇದೂ ಅದೇ. ನಿಂತೇ ಇರುವ ಯಂತ್ರ ಬೇಕಾದಾಗ ಹೊರಡುತ್ತದೆ ಎಂದು ಹೇಳಬೇಕಾದರೆ ಆಗಾಗ ಹೊರಡಿಸಿಯೇ ನೋಡಬೇಕು.

ಹಾಗಾದರೆ ಆ ಎರಡು ದಿನ ಅಪಾಯವಿತ್ತೇ? ತಡವಾಗಿ ನಡೆದ ಪರೀಕ್ಷೆಯಲ್ಲಿ ಜನರೇಟರ್ ಸರಿಯಾಗಿ ಹೊರಟು, ಹೊರೆ ಹೊತ್ತು, ನಿಗದಿತ ಹೊತ್ತು ಓಡಿದ್ದರೆ, ಆ ಎರಡು ದಿನವೂ ಅದು ಸುಸ್ಥಿತಿಯಲ್ಲೇ ಇತ್ತು ಎಂದು ತಾಂತ್ರಿಕವಾಗಿ ನಂಬಬಹುದು. ಅಣು ಸ್ಥಾವರದಲ್ಲಿ ಒಂದೇ ಡೀಸೆಲ್ ಜನರೇಟರ್ ಇರುವುದಿಲ್ಲ. ಒಂದಕ್ಕೊಂದು ಬದಲಿಯಾಗಿ ನಿಲ್ಲುವಂತೆ ಹಲವು ಇರುತ್ತವೆ. ಅದರ ಹಿಂದೆ ಬ್ಯಾಟರಿಗಳಿವೆ, ಅದರ ಹಿಂದೆ ತಮ್ಮದೇ ಡೀಸೆಲ್ ಎಂಜಿನ್ನಿನಿಂದ ನಡೆಯುವ ಅಗ್ನಿಶಾಮಕ ಪಂಪುಗಳಿವೆ. ಒಂದು ಜನರೇಟರಿನ ಪರೀಕ್ಷೆ ಎರಡು ದಿನ ತಡವಾಯಿತೆಂದರೆ ರಿಯಾಕ್ಟರ್ ಅಪಘಾತದ ಅಂಚಿಗೆ ಬಂದಿತ್ತು ಎಂದರ್ಥವಲ್ಲ. ವಿಕಿರಣ ಹೊರಬಂತು ಎಂಬ ಪ್ರಶ್ನೆಯಂತೂ ಇಲ್ಲಿ ಏಳುವುದೇ ಇಲ್ಲ.

ನಿಮ್ಮ ನೆಂಟರ ಮಾತಿನಲ್ಲಿರುವ ಮೊದಲ ತಪ್ಪು ಇಲ್ಲಿದೆ. ಉಲ್ಲಂಘನೆ ಬೇರೆ, ಅಪಘಾತ ಬೇರೆ. ಅಂತರರಾಷ್ಟ್ರೀಯ ಅಳತೆಯಲ್ಲಿ ಅಣು ಘಟನೆಗಳನ್ನು 0ಯಿಂದ 7ರವರೆಗೆ ಶ್ರೇಣೀಕರಿಸುತ್ತಾರೆ. ಚೆರ್ನೋಬಿಲ್ ಮತ್ತು ಫುಕುಶಿಮಾ 7. ಅಮೆರಿಕದ ತ್ರೀ ಮೈಲ್ ಐಲೆಂಡ್ 5. ನಮ್ಮ ದೇಶದಲ್ಲಿ 1993ರ ನರೋರಾ ಬೆಂಕಿ 3. ಗುಜರಾತಿನ ಕಾಕ್ರಪಾರದಲ್ಲಿ 2016ರ ಮಾರ್ಚ್‌ನಲ್ಲಿ ಶೀತಕ ಕೊಳವೆ ಸೋರಿದ್ದು 1. ನೀವು ಹೇಳಿದಂಥ ಪರೀಕ್ಷೆಯ ವಿಳಂಬ ಈ ಏಣಿಯ ಕೆಳತುದಿಯಲ್ಲಿ ನಿಲ್ಲುವಂಥದ್ದು.

ಸ್ಥಾವರವನ್ನೇಕೆ ನಿಲ್ಲಿಸಲಿಲ್ಲ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಪ್ರತಿ ಸ್ಥಾವರಕ್ಕೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಒಪ್ಪಿದ ಒಂದು ದಾಖಲೆ ಇರುತ್ತದೆ. ಕೆಲಸಗಾರರು ಅದನ್ನು ‘ಟೆಕ್ ಸ್ಪೆಕ್’ ಎಂದೇ ಕರೆಯುತ್ತಾರೆ. ಯಾವ ಉಪಕರಣ ಎಷ್ಟು ಹೊತ್ತು ಇಲ್ಲದೆ ನಡೆಸಬಹುದು, ಅದು ಮೀರಿದರೆ ಎಷ್ಟು ಗಂಟೆಯೊಳಗೆ ಘಟಕವನ್ನು ನಿಲ್ಲಿಸಬೇಕು, ಯಾವ ಪರೀಕ್ಷೆಯನ್ನು ಎಷ್ಟು ದಿನಕ್ಕೊಮ್ಮೆ ಮಾಡಬೇಕು ಎಂಬುದೆಲ್ಲ ಅದರಲ್ಲಿದೆ. ಪರೀಕ್ಷೆ ತಪ್ಪಿತೆಂದು ಗೊತ್ತಾದ ಕೂಡಲೇ ಮಾಡಬೇಕಾದದ್ದು ಎರಡು: ತಡಮಾಡದೆ ಪರೀಕ್ಷೆ ನಡೆಸುವುದು, ಗಡುವು ಮೀರಿದೆ ಎಂದು ವರದಿ ಮಾಡುವುದು. ಮೊದಲನೆಯದನ್ನು ನಿಮ್ಮ ಮಗನ ವಿಭಾಗ ಮಾಡಿದೆ. ಎರಡನೆಯದನ್ನು ಮಾಡಲಿಲ್ಲ, ಅದರ ಜಾಗದಲ್ಲಿ ಹಳೆಯ ದಿನಾಂಕ ಬರೆಯಿತು.

ಇಲ್ಲಿ ನಾನು ಸ್ವಲ್ಪ ಖಾರವಾಗಿಯೇ ಹೇಳಬೇಕು. ಎರಡು ದಿನದ ವಿಳಂಬ ಸಣ್ಣ ತಪ್ಪು. ಸುಳ್ಳು ದಿನಾಂಕ ದೊಡ್ಡ ತಪ್ಪು. ಹೊರಗಿನವರು ಇದನ್ನು ತಲೆಕೆಳಗಾಗಿ ನೋಡುತ್ತಾರೆ. ‘ಪರೀಕ್ಷೆ ಹೇಗೂ ಆಯಿತಲ್ಲ, ಕಾಗದದ ಮೇಲಿನ ಒಂದು ದಿನಾಂಕಕ್ಕೆ ಇಷ್ಟೊಂದೇ?’ ಎನ್ನುತ್ತಾರೆ. ಆದರೆ ಸ್ಥಾವರದೊಳಗೆ ಯಾರೂ ಎಲ್ಲ ಯಂತ್ರವನ್ನೂ ಕಣ್ಣಾರೆ ನೋಡುವುದಿಲ್ಲ. ರಾತ್ರಿ ಪಾಳಿಯ ಎಂಜಿನಿಯರ್ ಹಗಲು ಪಾಳಿಯವರು ಬರೆದದ್ದನ್ನು ನಂಬಿಯೇ ನಿರ್ಧಾರ ಮಾಡುತ್ತಾನೆ. ಇನ್ನೊಂದು ಜನರೇಟರನ್ನು ದುರಸ್ತಿಗೆ ಬಿಡಬಹುದೇ ಎಂದು ಯೋಚಿಸುವವನು, ‘ಈ ಜನರೇಟರಿನ ಪರೀಕ್ಷೆ ಮೊನ್ನೆಯಷ್ಟೇ ಮುಗಿದಿದೆ’ ಎಂಬ ಸಾಲು ಓದಿ ‘ಬಿಡಬಹುದು’ ಎನ್ನುತ್ತಾನೆ. ಆ ಸಾಲು ಸುಳ್ಳಾಗಿದ್ದರೆ ಅವನ ನಿರ್ಧಾರದ ಬುಡವೇ ಇಲ್ಲವಾಗುತ್ತದೆ.

ಜಪಾನಿನ ಟೋಕಿಯೋ ವಿದ್ಯುತ್ ಕಂಪನಿ, ಅಂದರೆ ಟೆಪ್ಕೊ, ರಿಯಾಕ್ಟರಿನ ಭಾಗಗಳಲ್ಲಿ ಕಂಡ ಬಿರುಕುಗಳನ್ನು ಮರೆಮಾಚಲು ತಪಾಸಣೆ ದಾಖಲೆಗಳನ್ನು ತಿದ್ದಿದ್ದು 2002ರಲ್ಲಿ ಬಯಲಾಯಿತು. ಮರೆಮಾಚಿದ್ದ ಬಿರುಕುಗಳಿಂದ ಅಪಘಾತವೇನೂ ಆಗಿರಲಿಲ್ಲ. ಆದರೂ 2003ರ ಏಪ್ರಿಲ್ ಹೊತ್ತಿಗೆ ಆ ಕಂಪನಿಯ 17 ರಿಯಾಕ್ಟರುಗಳೂ ನಿಂತಿದ್ದವು. ಬಿರುಕುಗಳಿಗಾಗಿ ಅಷ್ಟನ್ನೂ ನಿಲ್ಲಿಸಬೇಕಿರಲಿಲ್ಲ. ದಾಖಲೆಯಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಗೊತ್ತಿಲ್ಲದಿದ್ದಾಗ ಒಂದೊಂದನ್ನೂ ಮೊದಲಿನಿಂದ ಪರಿಶೀಲಿಸುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ನಿಮ್ಮ ಮಗನ ಸ್ಥಾವರದಲ್ಲಿ ಅದು ಸಿಕ್ಕಿಬಿದ್ದ ರೀತಿಯನ್ನು ನೀವು ವಿವರಿಸಿಲ್ಲ. ಸಾಮಾನ್ಯವಾಗಿ ಹೇಗೆ ಸಿಗುತ್ತದೆಂದು ಹೇಳುತ್ತೇನೆ, ಏಕೆಂದರೆ ನಿಮಗೆ ಸ್ವಲ್ಪ ಧೈರ್ಯ ಕೊಡುವ ಸಂಗತಿ ಇದರಲ್ಲೇ ಇದೆ. ಡೀಸೆಲ್ ಎಂಜಿನ್ನಿನ ಫಲಕದಲ್ಲಿ ಒಂದು ಸಣ್ಣ ಗಂಟೆ ಮೀಟರ್ ಇರುತ್ತದೆ. ಎಂಜಿನ್ ಓಡಿದಷ್ಟು ಹೊತ್ತು ಮಾತ್ರ ಅದರ ಅಂಕಿ ಮುಂದಕ್ಕೆ ಹೋಗುತ್ತದೆ. ಪರೀಕ್ಷೆ ಮಾಡುವವರು ಓಡಿಸುವ ಮುಂಚಿನ ಅಂಕಿ, ಓಡಿಸಿದ ನಂತರದ ಅಂಕಿ ಎರಡನ್ನೂ ರಿಜಿಸ್ಟರಿಗೆ ಹಾಕುತ್ತಾರೆ. ಅಷ್ಟನ್ನೇ ನೋಡಿದರೆ ಹಿಂದಿನ ದಿನಾಂಕ ಹಾಕಿದ್ದು ತಿಳಿಯುವುದಿಲ್ಲ. ಆದರೆ ಪ್ರತಿ ಪಾಳಿಯಲ್ಲೂ ಒಬ್ಬ ಆಪರೇಟರ್ ಟಾರ್ಚ್ ಹಿಡಿದು ಸುತ್ತು ಹೊಡೆಯುತ್ತಾನೆ. ಎಣ್ಣೆಯ ಮಟ್ಟ, ನೀರಿನ ತಾಪ, ಬ್ಯಾಟರಿಯ ವೋಲ್ಟೇಜ್, ಈ ಮೀಟರಿನ ಅಂಕಿ ಎಲ್ಲವನ್ನೂ ತನ್ನ ಹಾಳೆಗೆ ಬರೆದುಕೊಳ್ಳುತ್ತಾನೆ. ರಿಜಿಸ್ಟರಿನ ಪ್ರಕಾರ ಪರೀಕ್ಷೆ ಮುಗಿದ ಮರುದಿನವೂ ಆ ಹಾಳೆಯಲ್ಲಿ ಮುಂಚಿನ ಅಂಕಿಯೇ ಇದ್ದರೆ ಸುಳ್ಳು ಅಲ್ಲೇ ಬಯಲು. ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿದ ಆ ಆಪರೇಟರಿಗೆ ತಾನೇನು ಹಿಡಿದುಕೊಟ್ಟೆ ಎಂಬುದೂ ತಿಳಿದಿರುವುದಿಲ್ಲ. ‘ಅಲ್ಲಿ ಎಲ್ಲವನ್ನೂ ಮುಚ್ಚಿಹಾಕುತ್ತಾರೆ’ ಎನ್ನುವ ನಿಮ್ಮ ನೆಂಟರಿಗೆ ಇದನ್ನು ಹೇಳಿ. ಮುಚ್ಚಲು ನೋಡಿದವರೂ ಅಲ್ಲಿದ್ದರು, ಹುಡುಕಿ ತೆಗೆದವರೂ ಅಲ್ಲಿದ್ದರು.

ತರಬೇತಿ, ಸುತ್ತೋಲೆ, ಮೆಮೊ

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಸರಿಪಡಿಸಿದ್ದಾರೆಯೇ?

ನೀವು ಬರೆದಿರುವಷ್ಟೇ ಮಾಡಿದ್ದರೆ, ಇಲ್ಲ.

ಮಗ ಹೇಳಿದ ಎರಡು ಮಾತು ಗಮನಿಸಿ. ಪಾಳಿಯಲ್ಲಿ ಜನ ಕಡಿಮೆ ಇದ್ದರು, ಪಕ್ಕದ ಪಂಪಿನ ದುರಸ್ತಿಯಿಂದಾಗಿ ಪರ್ಮಿಟ್ ಸಿಗಲಿಲ್ಲ. ಅದು ನಿಜವಾದರೆ, ಪರೀಕ್ಷೆಯ ಗಡುವು ಯಾವಾಗ ಎಂದು ಯಾರಿಗೂ ಗೊತ್ತಿಲ್ಲದೆ ತಪ್ಪಲಿಲ್ಲ. ಗೊತ್ತಿದ್ದೂ ಮಾಡಲಾಗಲಿಲ್ಲ. ಗೊತ್ತಿದ್ದವರಿಗೆ ಮತ್ತೆ ತರಬೇತಿ ಕೊಟ್ಟರೆ ಏನು ಬದಲಾಗುತ್ತದೆ? ಮುಂದಿನ ಬಾರಿ ಪಂಪಿನ ದುರಸ್ತಿಯೂ ಜನರೇಟರಿನ ಪರೀಕ್ಷೆಯೂ ಒಂದೇ ವಾರದಲ್ಲಿ ಬಿದ್ದರೆ ಮತ್ತೆ ಅದೇ ಇಕ್ಕಟ್ಟು. ಆಗ ಸುಳ್ಳು ಬರೆಯಲು ಹೆದರುತ್ತಾರೆ, ನಿಜ. ಆದರೆ ಹೆದರಿದವರು ನಿಜವನ್ನೇ ಬರೆಯುತ್ತಾರೆಂಬ ಭರವಸೆಯಿಲ್ಲ. ಇನ್ನಷ್ಟು ಜಾಣತನದಿಂದ ಮರೆಮಾಚುವುದನ್ನೂ ಕಲಿಯಬಹುದು.

ಕಾರಣ ಹುಡುಕುವವರು ಇನ್ನೂ ಎರಡು ಮೆಟ್ಟಿಲು ಕೆಳಗಿಳಿಯಬೇಕಿತ್ತು. ದುರಸ್ತಿಯ ವೇಳಾಪಟ್ಟಿ ಮಾಡುವವರು ಪರೀಕ್ಷೆಯ ಗಡುವುಗಳನ್ನು ಎದುರಿಗಿಟ್ಟುಕೊಂಡು ಮಾಡುತ್ತಾರೆಯೇ, ಇಲ್ಲವೇ? ಗಡುವು ಮೀರುತ್ತಿದೆ ಎಂದು ಪಾಳಿಯವರು ಹೇಳಿದರೆ ಮೇಲಿನವರ ಮೊದಲ ಪ್ರತಿಕ್ರಿಯೆ ಏನಿರುತ್ತದೆ? ತಿಂಗಳ ಕೊನೆಯ ಸಭೆಯಲ್ಲಿ ‘ಎಲ್ಲ ಪರೀಕ್ಷೆ ನೂರಕ್ಕೆ ನೂರು ಪೂರ್ಣ’ ಎಂಬ ಹಾಳೆ ತೋರಿಸಲೇಬೇಕೆಂಬ ಒತ್ತಡವಿದೆಯೇ? ಆ ಹಿರಿಯರು ಮಗನಿಗೆ ‘ಸಹಿ ಹಾಕು’ ಎಂದಾಗ ಅವರ ತಲೆಯಲ್ಲಿದ್ದದ್ದು ಬಹುಶಃ ಈ ಹಾಳೆಯೇ. ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಸುಳ್ಳು ಬರೆದವರು ಕೆಟ್ಟವರಾಗಿದ್ದದ್ದು ಕಡಿಮೆ. ನಿಜ ಬರೆದರೆ ಬೈಗುಳ, ಸುಳ್ಳು ಬರೆದರೆ ನೆಮ್ಮದಿ ಎಂಬ ಜಾಗದಲ್ಲಿ ಅವರನ್ನು ನಿಲ್ಲಿಸಿರುತ್ತಿದ್ದರು.

ಲಕ್ಷಣಕ್ಕೆ ಮದ್ದು ಮಾಡಿ ರೋಗ ಬಿಟ್ಟರೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಅಮೆರಿಕದ ಒಹಾಯೊ ರಾಜ್ಯದ ಡೇವಿಸ್–ಬೆಸ್ಸಿ ಸ್ಥಾವರವನ್ನು ನೋಡಿ. ಅಲ್ಲಿ ರಿಯಾಕ್ಟರ್ ಕಟ್ಟಡದೊಳಗಿನ ಗಾಳಿಯಲ್ಲಿ ವಿಕಿರಣ ಅಳೆಯುವ ಉಪಕರಣದ ಸೋಸು ಹಾಳೆಗಳು ಮತ್ತೆಮತ್ತೆ ಕಟ್ಟಿಕೊಳ್ಳತೊಡಗಿದವು. ಅವುಗಳಲ್ಲಿ ತುಕ್ಕಿನ ಪುಡಿ ಇತ್ತು. ಬಹಳ ದಿನ ಬಾಳಬೇಕಿದ್ದ ಸೋಸುಹಾಳೆಯನ್ನು ಒಂದೆರಡು ದಿನಕ್ಕೊಮ್ಮೆ ಬದಲಿಸುವ ಹಂತಕ್ಕೆ ಬಂದರು. ಬದಲಿಸಿದರು, ಅಷ್ಟೇ. ಗಾಳಿ ತಂಪುಮಾಡುವ ಯಂತ್ರಗಳ ಮೇಲೆ, ರಿಯಾಕ್ಟರಿನ ನೀರಿನಲ್ಲಿ ಬೆರೆಸಿರುವ ಬೋರಿಕ್ ಆಮ್ಲದ ಬಿಳಿ ಪುಡಿ ಕೂರುತ್ತಿತ್ತು, ಅದನ್ನೂ ತೊಳೆದರು. ತುಕ್ಕು ಎಲ್ಲಿಂದ ಬರುತ್ತಿದೆ ಎಂದು ಕೊನೆಯವರೆಗೂ ಹುಡುಕಲಿಲ್ಲ. 2002ರ ಮಾರ್ಚ್‌ನಲ್ಲಿ ನೋಡಿದರೆ, ರಿಯಾಕ್ಟರ್ ಪಾತ್ರೆಯ ಮುಚ್ಚಳದ ದಪ್ಪ ಉಕ್ಕನ್ನು ಆಮ್ಲ ತಿಂದು ಗುಳಿ ಮಾಡಿತ್ತು. ಒಳಗಿನ ಒತ್ತಡವನ್ನು ಆ ಜಾಗದಲ್ಲಿ ತಡೆದಿದ್ದದ್ದು ಒಂದು ಸೆಂಟಿಮೀಟರಿಗಿಂತಲೂ ತೆಳುವಾದ ಸ್ಟೇನ್‌ಲೆಸ್ ಉಕ್ಕಿನ ಒಳಪದರ ಮಾತ್ರ. ಸ್ಥಾವರ ಎರಡು ವರ್ಷ ನಿಂತಿತು, ಮುಚ್ಚಳವನ್ನೇ ಬದಲಿಸಬೇಕಾಯಿತು. 2005ರಲ್ಲಿ ಅಲ್ಲಿನ ನಿಯಂತ್ರಣ ಆಯೋಗ 54.5 ಲಕ್ಷ ಡಾಲರ್ ದಂಡ ಹಾಕಿತು. ಆಯೋಗಕ್ಕೆ ದಾರಿತಪ್ಪಿಸುವ ಮಾಹಿತಿ ಕೊಟ್ಟರೆಂದು ಆಮೇಲೆ ಕೆಲವರ ಮೇಲೆ ಮೊಕದ್ದಮೆಯೂ ನಡೆಯಿತು. ಪ್ರತಿ ಸೋಸುಹಾಳೆ ಬದಲಿಸಿದಾಗಲೂ ಆ ಕೆಲಸ ‘ಪೂರ್ಣ’ ಎಂದೇ ದಾಖಲಾಗಿದ್ದಿರಬೇಕು. ನನಗೆ ಇಂದಿಗೂ ಕಳವಳ ಹುಟ್ಟಿಸುವುದು ಅದು.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮಲ್ಲೇ ಇದೆ. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾದ ಮೊದಲ ಘಟಕದಲ್ಲಿ ಟರ್ಬೈನಿನ ಎರಡು ಅಲಗುಗಳು ಮುರಿದವು. ಜನರೇಟರಿನಿಂದ ಹೈಡ್ರೋಜನ್ ಸೋರಿ, ಎಣ್ಣೆಗೂ ಬೆಂಕಿ ಹತ್ತಿ, ಕೇಬಲ್‌ಗಳು ಸುಟ್ಟವು. ಡೀಸೆಲ್ ಜನರೇಟರುಗಳ ವಿದ್ಯುತ್ ಪಂಪುಗಳಿಗೆ ತಲುಪಲು ದಾರಿಯೇ ಉಳಿಯಲಿಲ್ಲ. ಸುಮಾರು 17 ಗಂಟೆ ಆ ಘಟಕ ಕತ್ತಲಲ್ಲಿತ್ತು. ಕೆಲಸಗಾರರು ಟಾರ್ಚ್ ಬೆಳಕಿನಲ್ಲಿ ಮೇಲಕ್ಕೆ ಹತ್ತಿ ರಿಯಾಕ್ಟರ್ ಮತ್ತೆ ಚಾಲೂ ಆಗದಂತೆ ತಡೆಯುವ ಬೋರಾನ್ ದ್ರಾವಣವನ್ನು ಕೈಯಿಂದ ಬಿಟ್ಟರು. ಡೀಸೆಲ್ಲಿನಿಂದ ನಡೆಯುವ ಅಗ್ನಿಶಾಮಕ ಪಂಪುಗಳಿಂದ ಉಗಿ ಉತ್ಪಾದಕಗಳಿಗೆ ನೀರು ಹರಿಸಿದರು. ರಿಯಾಕ್ಟರ್ ಉಳಿಯಿತು, ವಿಕಿರಣ ಹೊರಹೋಗಲಿಲ್ಲ. ಆಮೇಲೆ ಆದದ್ದು ಮುಖ್ಯ. ‘ಬೆಂಕಿಯ ಬಗ್ಗೆ ಎಚ್ಚರವಾಗಿರಿ’ ಎಂದು ಸುತ್ತೋಲೆ ಕಳಿಸಿ ಕೈತೊಳೆದುಕೊಳ್ಳಲಿಲ್ಲ. ಅಲಗಿನ ವಿನ್ಯಾಸ ಬದಲಾಯಿತು, ಬದಲಿ ಕೇಬಲ್‌ಗಳು ಒಂದೇ ದಾರಿಯಲ್ಲಿ ಹೋಗದಂತೆ ಬೇರ್ಪಡಿಸಿದರು, ನಡುವೆ ಬೆಂಕಿ ತಡೆಗಳನ್ನು ಹಾಕಿದರು. ಇದೇ ದೋಷ ಇರಬಹುದಾದ ಇತರ ಸ್ಥಾವರಗಳಲ್ಲೂ ಅದನ್ನು ನೋಡಿದರು. ಬೆಂಕಿ ಬಿದ್ದದ್ದು ನರೋರಾದಲ್ಲಾದರೂ ಅದೇ ಬಗೆಯ ಟರ್ಬೈನ್ ಬೇರೆಡೆಯೂ ತಿರುಗುತ್ತಿತ್ತು.

ನಮ್ಮ ಕೈಗಾದ್ದೂ ನೆನಪಿಸಿಕೊಳ್ಳಬೇಕು. 2009ರ ನವೆಂಬರಿನಲ್ಲಿ ಅಲ್ಲಿನ ಹಲವು ಕೆಲಸಗಾರರ ಮೂತ್ರದಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಹೆಚ್ಚಿರುವುದು ಕಂಡುಬಂತು. ರಿಯಾಕ್ಟರಿನಲ್ಲಿ ಬಳಸುವ, ಟ್ರಿಟಿಯಂ ಸೇರಿಕೊಂಡಿದ್ದ ಭಾರಜಲವನ್ನು ಯಾರೋ ಬೇಕೆಂದೇ ಕುಡಿಯುವ ನೀರಿನ ಕೂಲರಿಗೆ ಬೆರೆಸಿದ್ದರು. ಅದು ಗೊತ್ತಾದದ್ದು ಕೆಲಸಗಾರರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುವ ಪದ್ಧತಿ ಇದ್ದುದರಿಂದ. ತಪ್ಪಿತಸ್ಥ ಯಾರೆಂದು ಹುಡುಕುವುದು ಪೊಲೀಸರ ಕೆಲಸ. ಸ್ಥಾವರ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಭಾರಜಲ ಯಾರ ಕಣ್ಣಿಗೂ ಬೀಳದೆ ಕೂಲರಿನವರೆಗೆ ಬಂದದ್ದು ಹೇಗೆ? ಪ್ರವೇಶದ ಮೇಲಿನ ನಿಯಂತ್ರಣ, ಕ್ಯಾಮೆರಾ ಕಣ್ಗಾವಲು ಬಿಗಿಯಾದದ್ದು ಆ ಪ್ರಶ್ನೆಯಿಂದ. ತಪ್ಪಿತಸ್ಥ ಸಿಗಲಿ ಸಿಗದಿರಲಿ, ದಾರಿ ಮುಚ್ಚಬೇಕು.

ಆದ್ದರಿಂದ ನಿಮ್ಮ ಮಗನ ಪ್ರಕರಣದಲ್ಲಿ ನಾನು ಪರಿಶೀಲಕನಾಗಿದ್ದರೆ ಕೇಳುತ್ತಿದ್ದದ್ದು ಇವು. ಹಿಂದಿನ ದಿನಾಂಕ ಹಾಕಿದ್ದು ಇದೊಂದೇ ಸಲವೇ? ಕಳೆದ ಎರಡು–ಮೂರು ವರ್ಷದ ಎಲ್ಲ ಡೀಸೆಲ್ ಪರೀಕ್ಷೆಗಳನ್ನೂ ಸುತ್ತಿನ ಹಾಳೆಗಳ ಜೊತೆ ತಾಳೆ ನೋಡಿದಿರಾ? ಡೀಸೆಲ್ ಬಿಟ್ಟು ಬೇರೆ ಪರೀಕ್ಷೆಗಳನ್ನು, ಬೇರೆ ಪಾಳಿಗಳನ್ನು, ಇನ್ನೊಂದು ಘಟಕವನ್ನು? ಸಿಕ್ಕಿದ ಒಂದನ್ನಷ್ಟೇ ಸರಿಪಡಿಸುವುದು ಈ ವೃತ್ತಿಯಲ್ಲಿ ನಾನು ಕಂಡ ಅತಿ ಸಾಮಾನ್ಯ ಕೊರತೆ. ಇನ್ನು ಕ್ರಮಗಳ ಬಲ. ಗಡುವು ಸಮೀಪಿಸಿದಾಗ ದುರಸ್ತಿಯ ಪರ್ಮಿಟ್ ತಾನಾಗಿ ತಡೆಯುವಂತೆ ಕಂಪ್ಯೂಟರಿನಲ್ಲಿ ಮಾಡಿದರೆ ಅದು ಬಲವಾದ ಕ್ರಮ. ಗಂಟೆ ಮೀಟರಿನ ಅಂಕಿ ಮನುಷ್ಯನ ಕೈ ಸೋಕದೆ ಸಮಯದ ಸಮೇತ ದಾಖಲಾದರೆ ಅದೂ ಬಲವಾದದ್ದೇ. ಪರೀಕ್ಷೆಗೆ ಸಂಬಂಧವಿಲ್ಲದ ಇನ್ನೊಬ್ಬರು ತಾಳೆ ನೋಡಿ ಸಹಿ ಹಾಕುವುದು ಮಧ್ಯಮ. ತರಬೇತಿ, ಸುತ್ತೋಲೆ, ಎಚ್ಚರಿಕೆ ಪತ್ರ ಇವೆಲ್ಲ ದುರ್ಬಲ. ಅವು ಬೇಡವೆಂದಲ್ಲ, ಅವಷ್ಟೇ ಸಾಲವು. ಕೊನೆಗೆ, ಆರು ತಿಂಗಳಾದ ಮೇಲೆ ಯಾರಾದರೂ ಮತ್ತೆ ಹೋಗಿ ನೋಡುತ್ತಾರೆಯೇ? ತಡವಾದ ಪರೀಕ್ಷೆಗಳ ವರದಿ ಆ ಅವಧಿಯಲ್ಲಿ ಒಂದೂ ಬರದಿದ್ದರೆ ನಾನು ಸಂತೋಷಪಡುವುದಿಲ್ಲ. ಒಂದೆರಡು ‘ತಡವಾಯಿತು, ಕಾರಣ ಇದು’ ಎಂಬ ಪ್ರಾಮಾಣಿಕ ವರದಿ ಬಂದಿದ್ದರೆ, ಮತ್ತು ಅದನ್ನು ಬರೆದವರಿಗೆ ತೊಂದರೆಯಾಗದಿದ್ದರೆ, ಸರಿಹೋಗುತ್ತಿದೆ ಎಂದು ನಂಬುತ್ತೇನೆ.

ಕೇಳುವವರು ಯಾರು?

ಸರ್ಕಾರವೇ ನಡೆಸುತ್ತದೆ, ಸರ್ಕಾರವೇ ತಪಾಸಣೆ ಮಾಡುತ್ತದೆ ಎಂಬ ಟೀಕೆಯಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಎಇಆರ್‌ಬಿ ರಚನೆಯಾದದ್ದು 1983ರ ನವೆಂಬರಿನಲ್ಲಿ, ಸರ್ಕಾರಿ ಆದೇಶದ ಮೂಲಕ. ಅದು ವರದಿ ಒಪ್ಪಿಸುತ್ತಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಮಹಾಲೇಖಪಾಲರು 2012ರ ವರದಿಯಲ್ಲಿ ಈ ಏರ್ಪಾಡನ್ನು ಕಟುವಾಗಿಯೇ ಟೀಕಿಸಿದರು. ನಿಯಮ ಮುರಿದವರಿಗೆ ಆಗ ಹಾಕಬಹುದಾಗಿದ್ದ ದಂಡ 500 ರೂಪಾಯಿಯಷ್ಟು ಅಲ್ಪ ಎಂಬುದನ್ನೂ ಎತ್ತಿ ತೋರಿಸಿದರು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ‘ಶಾಂತಿ’ ಕಾಯ್ದೆ ಮಂಡಳಿಗೆ ಶಾಸನಬದ್ಧ ಸ್ಥಾನ ಕೊಟ್ಟಿದೆ. ಖಾಸಗಿ ಕಂಪನಿಗಳೂ ಈ ಕ್ಷೇತ್ರಕ್ಕೆ ಬರಲು ಅದೇ ಕಾಯ್ದೆ ಬಾಗಿಲು ತೆರೆದಿರುವುದರಿಂದ ನಿಯಂತ್ರಕರ ಹೊಣೆ ಈಗ ಹೆಚ್ಚೇ ಆಗಿದೆ.

ಆದರೆ ದಂಡದ ಮೊತ್ತ ನೋಡಿ ಮಂಡಳಿಗೆ ಹಲ್ಲಿಲ್ಲ ಎಂದುಕೊಳ್ಳಬೇಡಿ. ಅದರ ನಿಜವಾದ ಬಲ ಪರವಾನಗಿಯಲ್ಲಿದೆ. ಮೊದಲು ಲಿಖಿತ ನಿರ್ದೇಶನ, ಆಮೇಲೆ ವಿದ್ಯುತ್ ಉತ್ಪಾದನೆಯ ಮಟ್ಟ ತಗ್ಗಿಸಲು ಆದೇಶ, ಆಮೇಲೆ ಘಟಕ ನಿಲ್ಲಿಸಲು ಆದೇಶ, ಪರವಾನಗಿಯ ಅಮಾನತು, ಕಡೆಗೆ ಕಾನೂನು ಕ್ರಮ. ಒಂದು ಘಟಕ ಒಂದು ದಿನ ನಿಂತರೆ ಆಗುವ ನಷ್ಟದ ಮುಂದೆ ಯಾವ ದಂಡವೂ ದೊಡ್ಡದಲ್ಲ. ಪರವಾನಗಿ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಹತ್ತು ವರ್ಷಕ್ಕೊಮ್ಮೆ ಇಡೀ ಸ್ಥಾವರದ ಸಮಗ್ರ ಸುರಕ್ಷತಾ ಪರಿಶೀಲನೆ ನಡೆಯಬೇಕು. ಮಂಡಳಿಯ ವಾರ್ಷಿಕ ವರದಿಗಳಲ್ಲಿ ಆಯಾ ವರ್ಷದ ಗಮನಾರ್ಹ ಘಟನೆಗಳನ್ನು ಪ್ರಕಟಿಸುತ್ತಾರೆ, ಯಾರು ಬೇಕಾದರೂ ಓದಬಹುದು. ಮಾಹಿತಿ ಹಕ್ಕಿನಲ್ಲಿಯೂ ಕೇಳಬಹುದು, ಆದರೆ ದೇಶದ ಭದ್ರತೆಯ ಕಾರಣ ಕೊಟ್ಟು ನಿರಾಕರಿಸುವುದುಂಟು. ಮಗನ ಮೆಮೊಗೆ ಉತ್ತರ ಇತ್ಯರ್ಥವಾಗುವವರೆಗೆ ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕುವುದನ್ನು ನಾನು ಸಲಹೆ ಮಾಡುವುದಿಲ್ಲ. ಅದು ಯಾರ ಅರ್ಜಿ ಎಂದು ಊಹಿಸುವುದು ಕಷ್ಟವಲ್ಲ.

ಬೆಂಗಳೂರಿಗೇ ಅಪಾಯವೆಂದು ನೆಂಟರು ಹೆದರಿದ್ದರೆ ಒಂದು ಮಾತು: ನೇರ ಅಳತೆಯಲ್ಲಿ ಕೈಗಾ ಇಲ್ಲಿಂದ ಸುಮಾರು 400 ಕಿಲೋಮೀಟರ್, ತಮಿಳುನಾಡಿನ ಕಲ್ಪಾಕ್ಕಂ ಸ್ಥಾವರ ಸುಮಾರು 280. ತುರ್ತು ಯೋಜನೆಯನ್ನು ಸಿದ್ಧವಿಡುವುದು ಸ್ಥಾವರದ ಸುತ್ತ 16 ಕಿಲೋಮೀಟರ್ ವ್ಯಾಪ್ತಿಗೆ. ಮಗನ ಆರೋಗ್ಯದ ಬಗ್ಗೆ ಕೇಳುವುದಾದರೆ, ಅವನ ಎದೆಯ ಮೇಲಿನ ವಿಕಿರಣ ಬ್ಯಾಡ್ಜಿನ ಲೆಕ್ಕ ಅವನಿಗೆ ಸಿಗುತ್ತದೆ. ಕೆಲಸಗಾರರ ಮೈಗೆ ತಗಲುವ ವಿಕಿರಣ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣ ಪ್ರಮಾಣದ ಅಳತೆ), ಯಾವ ಒಂದು ವರ್ಷದಲ್ಲೂ 30 ಮೀರಬಾರದು. ಡೀಸೆಲ್ ಪರೀಕ್ಷೆಗೂ ಆ ಲೆಕ್ಕಕ್ಕೂ ಸಂಬಂಧವಿಲ್ಲ.

ಮಗನ ಮುಂದಿರುವ ದಾರಿಗಳು

ಮೊದಲನೆಯದು, ಮೆಮೊಗೆ ನಿಜವನ್ನೇ ಬರೆಯುವುದು. ನನ್ನ ಸಲಹೆ ಇದೇ. ಇದರಲ್ಲಿ ನಷ್ಟವಿಲ್ಲವೆಂದು ಸುಳ್ಳು ಧೈರ್ಯ ಹೇಳಲಾರೆ. ಸಹಿ ಅವನದು, ಅದಕ್ಕೆ ಶಿಸ್ತುಕ್ರಮ ಆಗಬಹುದು. ವೇತನ ಬಡ್ತಿ ತಡೆಯಬಹುದು, ವರ್ಗಾವಣೆಯಾಗಬಹುದು. ಆದರೆ ಮೀಟರು, ಸುತ್ತಿನ ಹಾಳೆ, ಗೇಟಿನ ಹಾಜರಾತಿ ಎಲ್ಲ ಒಂದೇ ಮಾತು ಹೇಳುತ್ತಿರುವಾಗ ಮೊದಲ ಸುಳ್ಳನ್ನು ಉಳಿಸಲು ಎರಡನೆಯದನ್ನು ಹೇಳಿದರೆ ವೃತ್ತಿಯೇ ಹೋಗಬಹುದು. ಉತ್ತರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಪಾಳಿಯಲ್ಲಿ ಎಷ್ಟು ಜನ, ಯಾವ ಪರ್ಮಿಟ್ ಏಕೆ ಸಿಗಲಿಲ್ಲ, ಯಾರು ಏನು ಹೇಳಿದರು, ತಾನು ಏನು ಮಾಡಿದೆ ಎಂಬುದನ್ನಷ್ಟೇ ಬರೆಯಲಿ. ಹಿರಿಯರ ಮನಸ್ಸಿನಲ್ಲಿ ಏನಿತ್ತು ಎಂಬ ಊಹೆ ಬೇಡ. ‘ಸಹಿ ಹಾಕಿದ್ದು ನಾನು’ ಎಂಬ ಸಾಲು ಮೊದಲ ಪ್ಯಾರಾದಲ್ಲೇ ಇರಲಿ. ಅದನ್ನು ಒಪ್ಪಿಕೊಂಡ ಮೇಲೆ ಪಾಳಿಯ ಇಕ್ಕಟ್ಟಿನ ಬಗ್ಗೆ ಬರೆದರೆ ವಿವರಣೆಯಾಗಿ ಕಾಣುತ್ತದೆ, ಒಪ್ಪದೆ ಬರೆದರೆ ನೆಪವಾಗಿ ಕಾಣುತ್ತದೆ. ಸಾಧ್ಯವಾದರೆ ಮತ್ತೆ ಹೀಗಾಗದಂತೆ ಏನು ಬದಲಾಗಬೇಕು ಎಂದು ಒಂದೆರಡು ಸಲಹೆಯನ್ನೂ ಸೇರಿಸಲಿ. ಇಲಾಖಾ ವಿಚಾರಣೆಯ ವಿಷಯ ಬಲ್ಲ, ಸೇವಾ ಪ್ರಕರಣಗಳಲ್ಲಿ ಅನುಭವವಿರುವ ವಕೀಲರಿಗೆ ಕರಡು ತೋರಿಸುವುದು ಒಳ್ಳೆಯದು. ಆದರೆ ಸ್ಥಾವರದ ಯಾವ ದಾಖಲೆಯನ್ನೂ ಹೊರಗೆ ತರಬಾರದು, ರಿಜಿಸ್ಟರಿನ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಬಾರದು. ದಿನಾಂಕದ ತಪ್ಪಿಗಿಂತ ಅದು ಬೇರೆಯದೇ, ಭಾರಿಯಾದ ಅಪರಾಧವಾಗಿಬಿಡುತ್ತದೆ.

ಎರಡನೆಯದು, ಮೇಲಕ್ಕೆ ಹೋಗುವುದು. ಇದು ಒಂದೇ ಸಲದ್ದಲ್ಲ, ರೂಢಿಯಾಗಿಬಿಟ್ಟಿದೆ ಎಂದು ಅವನಿಗೆ ಗೊತ್ತಿದ್ದರೆ, ಸ್ಥಾವರದ ಗುಣಮಟ್ಟ ಖಾತರಿ ವಿಭಾಗಕ್ಕೆ, ಸ್ಥಾವರದ ನಿರ್ದೇಶಕರಿಗೆ, ಅಲ್ಲಿ ಆಗದಿದ್ದರೆ ಎಇಆರ್‌ಬಿಗೇ ಬರೆಯಬಹುದು. ಅಧಿಕಾರದ ದುರುಪಯೋಗದ ಮಟ್ಟಕ್ಕೆ ಹೋಗಿದ್ದರೆ, ದೂರುದಾರರ ಹೆಸರು ಗುಟ್ಟಾಗಿಡುವ ಏರ್ಪಾಡಿನಡಿ ಕೇಂದ್ರ ಜಾಗೃತ ಆಯೋಗವೂ ಇದೆ. ಇದರ ಬೆಲೆ ಕ್ಯಾಂಟೀನಿನ ಮೇಜಿನಲ್ಲಿ ಗೊತ್ತಾಗುತ್ತದೆ. ಜೊತೆಯವರು ಮಾತು ಬಿಡುತ್ತಾರೆ. ಟೌನ್‌ಶಿಪ್ಪಿನ ಬದುಕಿನಲ್ಲಿ ಆಫೀಸು, ಮನೆ, ಮಕ್ಕಳ ಶಾಲೆ ಎಲ್ಲ ಅದೇ ಜನರ ನಡುವೆ ಇರುವುದರಿಂದ ಈ ಒಂಟಿತನ ಊರಿನಲ್ಲಿರುವವರಿಗೆ ಊಹಿಸುವುದೂ ಕಷ್ಟ. ಅವನು ಈ ದಾರಿ ಹಿಡಿದರೆ ನೀವು ದಿನಾ ಫೋನಿನಲ್ಲಿ ಸಿಗಬೇಕು.

ಮೂರನೆಯದು, ರಾಜೀನಾಮೆ ಕೊಟ್ಟು ಬರುವುದು. ವಿಚಾರಣೆ ನಡುವೆ ಬಿಟ್ಟು ಬಂದರೆ ಓಡಿಬಂದ ಎಂದೇ ದಾಖಲೆಯಲ್ಲಿ ಉಳಿಯುತ್ತದೆ. ರಾಜೀನಾಮೆ ಸ್ವೀಕಾರವೇ ತಡವಾಗಬಹುದು. ಬೆಂಗಳೂರಿನ ಕಂಪನಿಗಳೂ ಹಿಂದಿನ ಕೆಲಸದ ಪ್ರಮಾಣಪತ್ರ ಕೇಳುತ್ತವೆ. ಅವನ ನಿದ್ದೆ, ಆರೋಗ್ಯ ಕೆಟ್ಟಿದ್ದರೆ ಅದು ಬೇರೆ ಮಾತು, ಆಗ ಮೊದಲು ರಜೆ ಹಾಕಿ ವೈದ್ಯರನ್ನು ಕಾಣಲಿ. ಇಲ್ಲವಾದರೆ ಪ್ರಕರಣ ಮುಗಿಯಲಿ, ಆಮೇಲೆ ಯೋಚಿಸಲಿ. ಒಂದು ಸ್ವಾರ್ಥದ ಮಾತೂ ಸೇರಿಸುತ್ತೇನೆ: ಸುಳ್ಳು ಸಹಿಯ ಬೆಲೆ ಏನೆಂದು ಇಪ್ಪತ್ತರ ಹರೆಯದಲ್ಲೇ ತಿಳಿದ ಎಂಜಿನಿಯರ್ ಮುಂದೆ ಪಾಳಿಯ ಹೊಣೆ ಹೊತ್ತರೆ ಆ ಸ್ಥಾವರಕ್ಕೆ ಒಳ್ಳೆಯದು. ಅಂಥವರು ಅಲ್ಲಿ ಉಳಿಯಬೇಕೆಂಬುದು ನನ್ನ ಆಸೆ.

ಜೈಲಿನ ಭಯ ನಿಮ್ಮ ಪತ್ರದಲ್ಲಿ ಬರೆದಿಲ್ಲ, ಆದರೆ ಸಾಲುಗಳ ನಡುವೆ ಕಂಡಿತು. ಹಾನಿಯಾಗದ, ದುರುದ್ದೇಶವಿಲ್ಲದ ಇಂಥ ಪ್ರಕರಣಗಳು ಸಾಮಾನ್ಯವಾಗಿ ಇಲಾಖಾ ಕ್ರಮದಲ್ಲೇ ಮುಗಿಯುತ್ತವೆ. ತನಿಖೆಯಲ್ಲಿ ಮತ್ತೆ ಸುಳ್ಳು ಹೇಳಿದರೆ ಮಾತ್ರ ಆ ಮಾತಿಗೆ ನಾನು ಹೊಣೆಯಾಗಲಾರೆ. ಮೆಮೊಗೆ ಉತ್ತರಿಸಲು ಕೊಟ್ಟಿರುವ ಗಡುವು ಹತ್ತಿರವಿದ್ದರೆ, ಇನ್ನೊಂದು ವಾರ ಬೇಕೆಂದು ಇಂದೇ ಲಿಖಿತವಾಗಿ ಕೇಳಲಿ. ಗಡುವು ಮೀರಿದ ಮೇಲೆ ಹಿಂದಿನ ದಿನಾಂಕ ಹಾಕಿ ಕೊಡುವ ಯೋಚನೆ ಯಾರು ಹೇಳಿಕೊಟ್ಟರೂ ಬೇಡ.